ಸೇತುವೆಗಳನ್ನೆಣಿಸುತ್ತ ಕರಾವಳಿಯಲ್ಲಿ ಒಂಟಿ ಸವಾರಿ
(ಮಂಗಳೂರಿನ ಸಭೆಯೊಂದರಲ್ಲಿ ಮಾಡಿದ ಭಾಷಣದ ಪಠ್ಯ)



ಮೋಟಾರು ಸೈಕಲ್ಲಿನಲ್ಲಿ ಒಬ್ಬನೇ ಕಡಲತೀರವನ್ನು ಸುತ್ತಿ ಬಂದವನು ಘಟ್ಟದ ವಿಚಾರವನ್ನೇಕೆ ಎತ್ತುತ್ತಾನೆಂದು ತಾವು ಕೇಳಬಹುದು. ಮಂಗಳೂರಿನಿಂದ ಕಾರವಾರದವರೆಗಿನ ಸುಮಾರು 270 ಕಿಲೋಮೀಟರುಗಳ ದಾರಿಯೇ ಅದಕ್ಕೆ ಉತ್ತರ. ಹಿಂದೆ 17 ಎಂದೂ ಈಗ 66 ಎಂದೂ ಕರೆಯಲಾಗುವ ಈ ರಾಷ್ಟ್ರೀಯ ಹೆದ್ದಾರಿಯಲ್ಲಿ ಊರುಗಳಿಗಿಂತ ಸೇತುವೆಗಳೇ ನೆನಪಿನಲ್ಲಿ ನಿಲ್ಲುತ್ತವೆ. ಫಲ್ಗುಣಿ, ಸ್ವರ್ಣಾ, ಸೀತಾ, ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ: ಎಲ್ಲವೂ ಘಟ್ಟವಿಳಿದು ಬಂದವು. ಒಂಟಿ ಸವಾರನಿಗೆ ಬೇಕೆಂದಲ್ಲಿ ನಿಲ್ಲುವ ಸ್ವಾತಂತ್ರ್ಯವಿದೆ. ನಾನು ನಿಂತದ್ದು ಹೆಚ್ಚಾಗಿ ಹೊಳೆಗಳ ಬಳಿಯಲ್ಲಿಯೇ.

ಮರವಂತೆಯಲ್ಲಿ ಒಂದು ಬದಿಗೆ ಸೌಪರ್ಣಿಕಾ, ಇನ್ನೊಂದು ಬದಿಗೆ ಸಮುದ್ರ. ಸಮುದ್ರದ ಬದಿಯಲ್ಲಿ ಕಲ್ಲಿನ ರಾಶಿ. ಉಳ್ಳಾಲದಲ್ಲಿಯೂ ಅದೇ ದೃಶ್ಯ. ನದಿಗಳು ತಂದ ಮರಳಿನಿಂದ ಬೆಳೆದ ತೀರವನ್ನು ಇಂದು ಗುಡ್ಡಗಳನ್ನು ಒಡೆದು ತಂದ ಕಲ್ಲಿನಿಂದ ಕಾಯುತ್ತಿದ್ದೇವೆ. ಹೂಳು ಅಣೆಕಟ್ಟುಗಳ ಹಿಂದೆ ನಿಲ್ಲುತ್ತದೆ. ಶರಾವತಿಗೆ ಲಿಂಗನಮಕ್ಕಿ ಅಡ್ಡವಾದದ್ದು 1964ರಲ್ಲಿ. ಅಳಿವೆಗಳಲ್ಲಿ ಮರಳು ತೆಗೆಯಲಾಗುತ್ತದೆ. ಬಂದರುಗಳ ತಡೆಗೋಡೆಗಳು ತೀರದುದ್ದಕ್ಕೂ ಸಾಗುವ ಮರಳನ್ನು ತಡೆಯುತ್ತವೆ. ನದಿ ಕೊಡುತ್ತಿದ್ದುದನ್ನು ನಿಲ್ಲಿಸಿ, ಬೆಟ್ಟದಿಂದ ಲಾರಿಯಲ್ಲಿ ತರಿಸಿಕೊಳ್ಳುವುದು ಯಾವ ಜಾಣತನ?

ಹೊನ್ನಾವರ ದಾಟಿದ ಮೇಲೆ ಗುಡ್ಡಗಳು ಕಡಲಿಗೇ ಸರಿದು ಬರುತ್ತವೆ. ಕುಮಟಾದ ಬಳಿಯ ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಅದರ ಅಳಿವೆಯಲ್ಲಿ ಜನರು ಇಂದಿಗೂ ಚಿಪ್ಪಿಕಲ್ಲು ಆಯುತ್ತಾರೆ, ಉಪ್ಪುನೀರನ್ನು ತಾಳುವ ಕಗ್ಗ ಭತ್ತವನ್ನು ಬೆಳೆಯುತ್ತಾರೆ. 2024ರಲ್ಲಿ ಅದು ರಾಮ್ಸಾರ್ ತಾಣವೆಂದು ಘೋಷಿತವಾಯಿತು. ಹೊಳೆಯನ್ನು ಹರಿಯಲು ಬಿಟ್ಟರೆ ಏನು ಉಳಿಯುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಮುಂದೆ ಅಂಕೋಲಾ ತಾಲ್ಲೂಕಿನ ಶಿರೂರು. 2024ರ ಜುಲೈ 16ರಂದು, ಹೆದ್ದಾರಿಗಾಗಿ ಬುಡ ಕತ್ತರಿಸಿದ್ದ ಗುಡ್ಡವು ಭಾರಿ ಮಳೆಗೆ ಕುಸಿದು, ರಸ್ತೆಬದಿಯ ಚಹಾದಂಗಡಿಯನ್ನೂ ವಾಹನಗಳನ್ನೂ ಗಂಗಾವಳಿಗೆ ತಳ್ಳಿತು. ಹೊಳೆಯ ನೀರು ಉಕ್ಕಿ ಆಚೆ ದಡದ ಉಳುವರೆಯ ಮನೆಗಳಿಗೆ ಅಪ್ಪಳಿಸಿತು. ಸತ್ತವರಲ್ಲಿ ಸ್ಥಳೀಯರೂ ಇದ್ದರು, ದಾರಿಹೋಕರೂ ಇದ್ದರು. ಅಗಲವಾದ ರಸ್ತೆಯಲ್ಲಿ ವೇಗವಾಗಿ ಸಾಗುವ ಸುಖಕ್ಕೆ ಯಾರು ಬೆಲೆ ತೆತ್ತರೆಂಬುದನ್ನು ಅಲ್ಲಿ ನಿಂತು ಯೋಚಿಸಬೇಕು. ಆ ಸುಖವನ್ನು ಉಂಡವರಲ್ಲಿ ನನ್ನಂತಹ ಸವಾರರೂ ಸೇರಿದ್ದಾರೆ.

ಈ ನಗರವು ಕುಡಿಯುವುದು ತುಂಬೆಯಲ್ಲಿ ತಡೆದ ನೇತ್ರಾವತಿಯ ನೀರನ್ನು. ಅದರ ಮೇಲ್ಭಾಗದ ಹಳ್ಳಗಳನ್ನು ಪೂರ್ವಕ್ಕೆ ತಿರುಗಿಸುವ ಎತ್ತಿನಹೊಳೆ ಯೋಜನೆಯ ಮೊದಲ ಹಂತವು 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಗೊಂಡಿತು. ಆದುದರಿಂದ ಘಟ್ಟದವರ ಹೋರಾಟವು ದೂರದವರ ಹೋರಾಟವೆಂದು ಮಂಗಳೂರಿಗರು ಭಾವಿಸಬಾರದು. ಕಡಲತೀರದ ಕಾವಲು ಆರಂಭವಾಗಬೇಕಾದುದು ಶೋಲಾ ಕಾಡುಗಳಲ್ಲಿ.