ದೇಹದೊಳಗಿನ ಗಡಿಯಾರ ಮತ್ತು ಶ್ರಾವಕನ ದಿನಚರಿ

(ಪ್ರತಿಷ್ಠಾ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಭಾಷಣ)

 

ಜಿನಬಿಂಬವು ಪ್ರತಿಷ್ಠೆಗೊಳ್ಳುವ ಈ ಶುಭಸಂದರ್ಭದಲ್ಲಿ ದೇಹದ ವಿಷಯವನ್ನು ಎತ್ತುವುದು ಕೆಲವರಿಗೆ ಅಪ್ರಸ್ತುತವೆಂದು ತೋರಬಹುದು. ಆದರೆ ಶ್ರಾವಕನು ವ್ರತವನ್ನು ಪಾಲಿಸುವುದು ಈ ದೇಹವೆಂಬ ಸಾಧನದಿಂದಲೇ. ಆ ಸಾಧನದೊಳಗೆ ಒಂದು ಗಡಿಯಾರವಿದೆ. ಕೀಲಿ ಕೊಡುವವರಿಲ್ಲದೆ ಅದು ಹಗಲಿರುಳೂ ನಡೆಯುತ್ತದೆ.

1729ರಲ್ಲಿ ಫ್ರಾನ್ಸ್ ದೇಶದ ಮೇರಾನ್ ಎಂಬ ವಿದ್ವಾಂಸನು ಮುಟ್ಟಿದರೆ ಮುನಿಯ ಜಾತಿಯ ಗಿಡವೊಂದನ್ನು ಕತ್ತಲೆಯಲ್ಲಿರಿಸಿದನು. ಬಿಸಿಲು ಕಾಣದಿದ್ದರೂ ಅದರ ಎಲೆಗಳು ಹಗಲಿನಲ್ಲಿ ಬಿಚ್ಚಿಕೊಂಡು ರಾತ್ರಿ ಮುದುಡಿದವು. 1962ರಲ್ಲಿ ಅದೇ ದೇಶದ ಮಿಶೆಲ್ ಸಿಫ್ರ್ ಎಂಬವನು ಗಡಿಯಾರವಿಲ್ಲದೆ ಎರಡು ತಿಂಗಳು ಗುಹೆಯಲ್ಲಿದ್ದನು. ಹೊರಬರುವ ವೇಳೆಗೆ ಅವನ ಎಣಿಕೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ದಿನಗಳು ತಪ್ಪಿಹೋಗಿದ್ದವು. ಮನಸ್ಸು ಲೆಕ್ಕ ತಪ್ಪಿತು, ದೇಹ ತಪ್ಪಲಿಲ್ಲ. ನಿದ್ರೆ ಎಚ್ಚರಗಳು ಹೆಚ್ಚುಕಡಿಮೆ 24 ಗಂಟೆಗೊಮ್ಮೆ ಸುತ್ತು ಮುಗಿಸುತ್ತಿದ್ದವು. ಭಾರತದಲ್ಲಿಯೂ ಎಂ. ಕೆ. ಚಂದ್ರಶೇಖರನ್ ಅವರು ಮಧುರೆಯ ವಿಶ್ವವಿದ್ಯಾಲಯದಲ್ಲಿದ್ದು, ಗುಹೆವಾಸಿ ಬಾವಲಿಗಳ ಜೈವಿಕ ಗಡಿಯಾರವನ್ನು ಅಭ್ಯಸಿಸಿದರು.

ಈ ಗಡಿಯಾರದ ಮುಖ್ಯ ಪೀಠವು ಮೆದುಳಿನಲ್ಲಿ, ಎರಡು ಕಣ್ಣುಗಳ ನರಗಳು ಸಂಧಿಸುವ ಸ್ಥಳದ ಮೇಲಿದೆ. ಸುಮಾರು 20,000 ಜೀವಕೋಶಗಳ ಆ ಪುಟ್ಟ ಗುಂಪು ಕಣ್ಣಿನ ಮೂಲಕ ಬರುವ ಬೆಳಕಿನಿಂದ ತನ್ನ ವೇಳೆಯನ್ನು ಸರಿಪಡಿಸಿಕೊಳ್ಳುತ್ತದೆ. ಕೋಶದೊಳಗಿನ ಕ್ರಮವು ಗೋದಾಮಿನ ವ್ಯವಹಾರದಂತಿದೆ. ಕೋಶವು ಕೆಲವು ಪ್ರೋಟೀನುಗಳನ್ನು ತಯಾರಿಸುತ್ತದೆ; ದಾಸ್ತಾನು ತುಂಬಿದೊಡನೆ ಅವೇ ಮುಂದಿನ ತಯಾರಿಕೆಯನ್ನು ತಡೆಯುತ್ತವೆ; ಅವು ಕರಗಿದ ಮೇಲೆ ತಯಾರಿಕೆ ಪುನಃ ಆರಂಭವಾಗುತ್ತದೆ. ಈ ಒಂದು ಸುತ್ತೇ ಒಂದು ಅಹೋರಾತ್ರಿ. ಇದನ್ನು ಬಿಡಿಸಿ ತೋರಿಸಿದ ಹಾಲ್, ರಾಸ್‌ಬಾಷ್ ಮತ್ತು ಯಂಗ್ ಎಂಬ ಮೂವರು ಅಮೆರಿಕದ ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

ಯಕೃತ್ತು, ಕರುಳು ಮೊದಲಾದ ಅಂಗಗಳಿಗೂ ತಮ್ಮತಮ್ಮ ಗಡಿಯಾರಗಳಿವೆ. ಮೆದುಳಿನ ಗಡಿಯಾರಕ್ಕೆ ಬೆಳಕು ವೇಳೆಯನ್ನು ತಿಳಿಸಿದರೆ, ಯಕೃತ್ತಿಗೆ ಮುಖ್ಯವಾಗಿ ಊಟದ ಹೊತ್ತು ತಿಳಿಸುತ್ತದೆ. ಕತ್ತಲಾದ ಮೇಲೆ ಮೆದುಳಿನಲ್ಲಿ ಮೆಲಟೋನಿನ್ ಎಂಬ ರಸವು ಹೆಚ್ಚಿ ದೇಹವು ವಿಶ್ರಾಂತಿಗೆ ಅಣಿಯಾಗುತ್ತದೆ. ಆ ಹೊತ್ತಿನಲ್ಲಿ ಉಂಡರೆ, ಬೆಳಗ್ಗೆ ಉಂಡ ಅದೇ ಆಹಾರಕ್ಕಿಂತ ರಕ್ತದ ಸಕ್ಕರೆಯು ಹೆಚ್ಚು ಏರುತ್ತದೆ. ಒಂದು ಗಡಿಯಾರ ರಾತ್ರಿಯೆಂದರೆ ಇನ್ನೊಂದು ಹಗಲೆನ್ನುತ್ತದೆ. ಒಂದೇ ಅಂಗಡಿಯ ಎರಡು ಖಾತೆಗಳು ತಾಳೆಯಾಗದಂತಾಗುತ್ತದೆ.

ಇಲ್ಲಿ ರಾತ್ರಿಭೋಜನತ್ಯಾಗದ ನೆನಪು ಸಹಜ. ಆದರೆ ಆ ವ್ರತದ ಬೇರು ಅಹಿಂಸೆ. ಆರೋಗ್ಯಲಾಭಕ್ಕಾಗಿ ಹೇಳಿದ ನಿಯಮ ಅದಲ್ಲ. ಸೂರ್ಯಾಸ್ತದ ಗೆರೆಯನ್ನು ವಿಜ್ಞಾನವೇ ಎಳೆದಿದೆ ಎಂದು ಸಾರುವುದು ಸತ್ಯಾಣುವ್ರತಕ್ಕೆ ಒಪ್ಪುವ ಮಾತಲ್ಲ. ವಿಜ್ಞಾನದಿಂದ ಶ್ರಾವಕನು ಪಡೆಯಬಹುದಾದ ಉಪಕಾರ ಬೇರೆ. ಅಂಗಡಿ ಮುಚ್ಚಿ ಹತ್ತು ಗಂಟೆಗೆ ಉಣ್ಣುವವನಿಗೆ ಹತ್ತಕ್ಕೇ ಹಸಿವಾಗುತ್ತದೆ. ಚಾತುರ್ಮಾಸದಲ್ಲಿ ನಿಯಮ ಹಿಡಿದು ಮೂರನೆಯ ದಿನಕ್ಕೇ ಬಿಡುವವರು ತಮ್ಮ ಶ್ರದ್ಧೆಯೇ ದುರ್ಬಲವೆಂದು ಕುಗ್ಗುತ್ತಾರೆ. ಅನೇಕ ವೇಳೆ ಕುಂದು ಶ್ರದ್ಧೆಯದಲ್ಲ. ಒಳಗಿನ ಗಡಿಯಾರ ಇನ್ನೂ ಹಳೆಯ ವೇಳೆಯಲ್ಲೇ ನಡೆಯುತ್ತಿರುತ್ತದೆ. ನಿಯಮ ಹಿಡಿಯುವುದಕ್ಕೆ ಕೆಲವು ವಾರ ಮೊದಲೇ ಊಟವನ್ನು ಅರ್ಧರ್ಧ ಗಂಟೆಯಂತೆ ಹಿಂದಕ್ಕೆ ತಂದು, ಬೆಳಗಿನ ಬೆಳಕಿನಲ್ಲಿ ಬಸದಿಗೆ ನಡೆದು ಬಂದರೆ ಹಸಿವೂ ನಿದ್ರೆಯೂ ಹೊಸ ವೇಳೆಗೆ ಹೊಂದಿಕೊಳ್ಳುತ್ತವೆ. ಮಧುಮೇಹಕ್ಕೆ ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಊಟದ ಹೊತ್ತನ್ನು ಬದಲಿಸಬೇಕು. ರಾತ್ರಿಪಾಳಿಯಲ್ಲಿ ದುಡಿಯುವ ಮಕ್ಕಳನ್ನು ಹಳಿಯಬಾರದು. ಅವರ ದೇಹ ಪಡುವ ಕಷ್ಟವನ್ನು ಹಿರಿಯರು ಅರಿಯಬೇಕು.

ಹಿಂದೆ ಮನೆಯಲ್ಲಿ ಸಂಜೆಯ ಒಲೆ ಬೇಗ ಆರುತ್ತಿದ್ದುದರಿಂದ ವ್ರತವು ತಾನಾಗಿ ನಡೆಯುತ್ತಿತ್ತು. ಇಂದು ಒಬ್ಬೊಬ್ಬರದು ಒಂದೊಂದು ಹೊತ್ತು. ಆದುದರಿಂದ ವ್ಯಾಪಾರಿಗಳು ಸಂಜೆಯ ಬುತ್ತಿಯನ್ನು ಅಂಗಡಿಗೆ ತರಿಸಿಕೊಳ್ಳಲಿ. ಬಸದಿಯ ಆವರಣದಲ್ಲಿ ವಿದ್ಯಾರ್ಥಿಗಳಿಗೂ ನೌಕರರಿಗೂ ಸೂರ್ಯಾಸ್ತಕ್ಕೆ ಒಂದು ಮುಹೂರ್ತ, ಎಂದರೆ 48 ನಿಮಿಷ ಮೊದಲೇ ಊಟ ಮುಗಿಯುವ ಏರ್ಪಾಡನ್ನು ಸಮಾಜವು ಮಾಡಲಿ. ಶಿಲೆಯಲ್ಲಿ ಕಟ್ಟಿದ ಬಸದಿಯು ಶ್ರಾವಕರ ದಿನಚರಿಯಲ್ಲಿಯೂ ನೆಲೆಗೊಂಡಾಗ ಈ ಪ್ರತಿಷ್ಠೆ ಪೂರ್ಣವಾಗುತ್ತದೆ.

ಜಯ ಜಿನೇಂದ್ರ.