ಗುಡ್ಡದ ಬೆಂಕಿ ಯಾರ ಹೊಣೆ?

(ಕಾರ್ಮಿಕರ ಮತ್ತು ಚಿಕ್ಕ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)

ಹಿಮಾಲಯದ ಕಾಡಿಗೆ ಬೆಂಕಿ ಬಿದ್ದರೆ ನಮಗೇನು ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಕೇಳುವುದು ನ್ಯಾಯವೇ. ಪಾಳಿ ಮುಗಿಸಿ ಬಂದವರು, ಅಂಗಡಿಯ ಬಾಗಿಲು ಹಾಕಿ ಬಂದವರು ಇಲ್ಲಿ ಕುಳಿತಿದ್ದೀರಿ. ನಿಮ್ಮ ವೇಳೆ ಹಾಳುಮಾಡುವ ಇಚ್ಛೆ ನಮಗಿಲ್ಲ. ಆದರೆ ಆ ಬೆಂಕಿಯಲ್ಲಿ ಬೆಂದವರು ಯಾರೆಂದು ತಿಳಿದ ಮೇಲೆ ಅದು ದೂರದ ಸುದ್ದಿಯಾಗಿ ಉಳಿಯುವುದಿಲ್ಲ.

2024ರ ಮೇ ತಿಂಗಳಲ್ಲಿ ಉತ್ತರಾಖಂಡದ ಅಲ್ಮೋರಾ ಜಿಲ್ಲೆಯ ಸೋಮೇಶ್ವರದ ಕಡೆ ಕಾಡ್ಗಿಚ್ಚಿಗೆ ಸಿಕ್ಕಿ ನಾಲ್ವರು ಸತ್ತರು. ಇಬ್ಬರು ಗಂಡಸರು, ಇಬ್ಬರು ಹೆಂಗಸರು. ನಾಲ್ವರೂ ಹೊಟ್ಟೆಪಾಡಿಗಾಗಿ ನೇಪಾಳದಿಂದ ಬಂದಿದ್ದ ಕೂಲಿಗಳು. ಚೀಡ್ ಎಂಬ ಪೈನ್ ಜಾತಿಯ ಮರಕ್ಕೆ ಕಚ್ಚು ಹಾಕಿ ರಾಳ ಇಳಿಸುವುದು ಅವರ ಕೆಲಸ. ಆ ರಾಳದಿಂದಲೇ ಟರ್ಪೆಂಟೈನ್ ಆಗುತ್ತದೆ, ರೋಸಿನ್ ಆಗುತ್ತದೆ. ಬಣ್ಣದ ಅಂಗಡಿಯಲ್ಲಿ ನೀವು ಮಾರುವ ಸರಕಿನಲ್ಲಿ, ಸಾಬೂನಿನಲ್ಲಿ, ಕಾಗದದ ಗಿರಣಿಯಲ್ಲಿ ಅದಕ್ಕೆ ಕೆಲಸವಿದೆ. ಸರಕು ನಮ್ಮ ಅಂಗಡಿಯವರೆಗೆ ಬರುತ್ತದೆ. ಅದನ್ನು ಇಳಿಸಿದವರ ಸಾವು ಇಲ್ಲಿಯವರೆಗೆ ಬರುವುದಿಲ್ಲ.

ಅದೇ ವರ್ಷ ಜೂನ್ 13ರಂದು, ಅದೇ ಜಿಲ್ಲೆಯ ಬಿನ್ಸರ್ ಅಭಯಾರಣ್ಯದಲ್ಲಿ ಬೆಂಕಿ ಆರಿಸಲು ಎಂಟು ಮಂದಿ ವಾಹನದಲ್ಲಿ ಹೋದರು. ಗಾಳಿ ತಿರುಗಿತು, ಬೆಂಕಿ ಅವರನ್ನು ಸುತ್ತುಗಟ್ಟಿತು. ನಾಲ್ವರು ಅಲ್ಲೇ ಸತ್ತರು. ಸುಟ್ಟ ಗಾಯಗಳಾಗಿದ್ದ ಉಳಿದ ನಾಲ್ವರನ್ನು ದೆಹಲಿಯ ಆಸ್ಪತ್ರೆಗೆ ಸಾಗಿಸಿದರು. ಅವರಲ್ಲಿಯೂ ಎಲ್ಲರೂ ಬದುಕಲಿಲ್ಲ. ಮೊದಲು ಸತ್ತ ನಾಲ್ವರಲ್ಲಿ ಒಬ್ಬರು ಬೀಟ್ ಅಧಿಕಾರಿ. ಮಿಕ್ಕವರು ಒಬ್ಬ ಬೆಂಕಿ ಕಾವಲುಗಾರ, ಒಬ್ಬ ರಕ್ಷಕ ದಳದ ಜವಾನ, ಒಬ್ಬ ದಿನಗೂಲಿ. ಬಾಯ್ಲರಿನ ಮುಂದೆ ನಿಂತು ದುಡಿದವರಿಗೆ, ಬದಲಿ ಆಳಾಗಿ ಬೆಳಗ್ಗೆ ಗೇಟಿನ ಮುಂದೆ ಕಾದವರಿಗೆ ಈ ಪಟ್ಟಿ ಹೊಸದಲ್ಲ. ಅಪಾಯ ಎಲ್ಲಿದೆಯೋ ಅಲ್ಲಿ ಕಾಯಂ ನೌಕರಿ ಇಲ್ಲ.

ಈಗ ಈ ಬೆಂಕಿ ಹೇಗೆ ಓಡುತ್ತದೆ ಎಂಬುದನ್ನು ನೋಡೋಣ. ಬಯಲಿನ ಬೆಂಕಿಯೇ ಬೇರೆ, ಬೆಟ್ಟದ ಬೆಂಕಿಯೇ ಬೇರೆ. ಜ್ವಾಲೆ ಮೇಲ್ಮುಖವಾದದ್ದು, ಇಳಿಜಾರಿನಲ್ಲಿ ಅದು ತನ್ನ ಮುಂದಿನ ಹುಲ್ಲನ್ನೂ ತರಗನ್ನೂ ತಾನೇ ಕಾಯಿಸಿ ಒಣಗಿಸುತ್ತ ಏರುತ್ತದೆ. ಇಳಿಜಾರು ಹತ್ತು ಡಿಗ್ರಿ ಹೆಚ್ಚಾದಂತೆಲ್ಲ ವೇಗ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ ಎಂಬುದು ಬೆಂಕಿ ಆರಿಸುವವರ ಲೆಕ್ಕ. ಚೀಡ್ ಮರದ ಸೂಜಿಯಂಥ ಎಲೆಗೆ ಅಲ್ಲಿಯವರು ಪಿರೂಲ್ ಎನ್ನುತ್ತಾರೆ. ಬೇಸಗೆಯಲ್ಲಿ ಅದು ಉದುರಿ ನೆಲದ ಮೇಲೆ ಹಾಸಿಗೆಯಂತೆ ಬೀಳುತ್ತದೆ. ಅದರಲ್ಲಿ ರಾಳವಿದೆ. ಅರಳೆ ಗೋದಾಮಿನಲ್ಲಿ ಒಂದು ಕಿಡಿ ಬಿದ್ದರೆ ಏನಾಗುತ್ತದೆಂದು ನಿಮಗೆ ಯಾರೂ ಹೇಳಿಕೊಡಬೇಕಿಲ್ಲ. ಪಿರೂಲ್ ಬಿದ್ದ ಗುಡ್ಡವೆಂದರೆ ಬಾಗಿಲಿಲ್ಲದ ಅರಳೆ ಗೋದಾಮು. ಅದರ ಮೇಲೆ, ಹೊತ್ತಿದ ಕಾಯಿಗಳು ಉರುಳುತ್ತ ಕೆಳಕ್ಕೆ ಹೋಗಿ ಕೆಳಗಿನ ಊರ ಅಂಚಿಗೂ ಬೆಂಕಿ ಹಚ್ಚುತ್ತವೆ. 2016ರಲ್ಲಿ ಆ ರಾಜ್ಯದಲ್ಲಿ ಇಲಾಖೆಯ ಲೆಕ್ಕದಂತೆಯೇ 4,400 ಹೆಕ್ಟೇರಿಗೂ ಹೆಚ್ಚು ಕಾಡು ಸುಟ್ಟಿತು. 2024ರ ಏಪ್ರಿಲಿನಲ್ಲಿ ನೈನಿತಾಲದ ಬಳಿ ಬೆಂಕಿ ಆರಿಸಲು ವಾಯುಪಡೆಯ ಹೆಲಿಕಾಪ್ಟರು ಭೀಮತಾಲದ ಕೆರೆಯಿಂದ ನೀರು ಹೊತ್ತು ಸುರಿಯಬೇಕಾಯಿತು.

ಬೆಂಕಿ ಹಚ್ಚುವವರು ಯಾರು? ಸರ್ಕಾರದ ಉತ್ತರ ಸಿದ್ಧವಾಗಿದೆ: ಹಳ್ಳಿಗರು. 2024ರ ಬೇಸಗೆಯಲ್ಲಿ ನೂರಾರು ಮೊಕದ್ದಮೆಗಳು ದಾಖಲಾದವು. ಅವುಗಳಲ್ಲಿ ಹೆಚ್ಚಿನವು ಯಾರೆಂದು ಗೊತ್ತಿಲ್ಲದವರ ಮೇಲೆ. ನಾವು ಸುಳ್ಳು ಹೇಳಬಾರದು. ಈ ಬೆಂಕಿಗಳಲ್ಲಿ ಬಹುಪಾಲು ಮನುಷ್ಯರ ಕೈಯಿಂದಲೇ ಹೊತ್ತುತ್ತವೆ. ಹೊಸ ಹುಲ್ಲಿಗಾಗಿ ಹಚ್ಚಿದ್ದು, ಹೊಲದ ಕಸ ಸುಡುವಾಗ ಕೈಮೀರಿದ್ದು, ದಾರಿಹೋಕನು ಎಸೆದ ಬೀಡಿಯಿಂದ ಹತ್ತಿದ್ದು, ಎಲ್ಲವೂ ಉಂಟು. ಆದರೆ ಕಿಡಿ ಒಂದೇ ಸಾಲದು. ಉರಿಯಲು ರಾಶಿ ಬೇಕು. ಆ ರಾಶಿಯನ್ನು ಒಟ್ಟಿದವರು ಯಾರು?

ಇದಕ್ಕೆ ನೂರು ವರ್ಷ ಹಿಂದಕ್ಕೆ ಹೋಗಬೇಕು. 1911ರಿಂದ 1917ರವರೆಗೆ ಬ್ರಿಟಿಷ್ ಸರ್ಕಾರ ಕುಮಾವೂಂ ಬೆಟ್ಟದ ಕಾಡುಗಳಿಗೆ ಗಡಿಕಲ್ಲು ನೆಟ್ಟು ತನ್ನದೆಂದು ಸಾರಿತು. ದನ ಮೇಯಿಸಲು, ಸೌದೆ ತರಲು, ಸೊಪ್ಪು ಕಡಿಯಲು ಕಟ್ಟುಕಟ್ಟಳೆ ಬಂದಿತು. ಅದಕ್ಕೆ ಬೇಕಾಗಿದ್ದುದು ರೈಲು ದಾರಿಯ ಮರದ ದಿಮ್ಮಿ ಮತ್ತು ರಾಳ. ಅದರಿಂದ ಚೀಡ್ ಮರಕ್ಕೆ ಮನ್ನಣೆ ಬಂತು. ನೀರು ಹಿಡಿದಿಟ್ಟುಕೊಳ್ಳುವ, ದನಕ್ಕೆ ಮೇವು ಕೊಡುವ ಬಾಂಜ್ ಮರ ಅದರ ಕಣ್ಣಿಗೆ ಲಾಭದ್ದಾಗಿರಲಿಲ್ಲ. ಅದರ ಜೊತೆಗೆ ಸಾಹೇಬರ ಸಾಮಾನು ಹೊರುವ ಬಿಟ್ಟಿ ಚಾಕರಿಯೂ ಇತ್ತು. 1921ರ ಜನವರಿಯಲ್ಲಿ ಮಕರ ಸಂಕ್ರಾಂತಿಯ ಜಾತ್ರೆಗೆ ಬಾಗೇಶ್ವರದಲ್ಲಿ ಸೇರಿದ ಜನ ಬಿಟ್ಟಿಯ ದಫ್ತರಗಳನ್ನು ಸರಯೂ ಹೊಳೆಗೆ ಎಸೆದರು. ಆ ಬೇಸಗೆಯಲ್ಲಿ ಸರ್ಕಾರದ ಚೀಡ್ ಕಾಡುಗಳು ಹೊತ್ತಿ ಉರಿದವು. ಜನ ಸುಟ್ಟದ್ದು ರಾಳದ ಕಾಡನ್ನು. ತಮಗೆ ಅನ್ನ ನೀರು ಕೊಡುವ ಕಾಡನ್ನು ಮುಟ್ಟಲಿಲ್ಲ. ಇದನ್ನು ಬೆಂಗಳೂರಿನಲ್ಲಿ ನೆಲಸಿರುವ ಇತಿಹಾಸಕಾರ ರಾಮಚಂದ್ರ ಗುಹಾ ತಮ್ಮ 1989ರ ಗ್ರಂಥದಲ್ಲಿ ವಿವರಿಸಿದ್ದಾರೆ.

ಆ ಹೋರಾಟದ ಫಲವಾಗಿ 1931ರಲ್ಲಿ ವನ ಪಂಚಾಯತಿಗಳ ನಿಯಮ ಬಂದಿತು. ಊರಿನ ಕಾಡನ್ನು ಊರಿನವರೇ ಚುನಾಯಿಸಿದ ಪಂಚರು ನೋಡಿಕೊಳ್ಳುವ ಏರ್ಪಾಡು ಅದು. ಇಂದು ಉತ್ತರಾಖಂಡದಲ್ಲಿ ಹನ್ನೊಂದು ಸಾವಿರಕ್ಕೂ ಹೆಚ್ಚು ವನ ಪಂಚಾಯತಿಗಳಿವೆ. ಆದರೆ ಹಣದ ಚೀಲ ಮತ್ತು ಅಧಿಕಾರದ ಮೊಹರು ಇಲಾಖೆಯ ಕೈಯಲ್ಲೇ ಉಳಿದಿದೆ. ಹೊಣೆ ಊರಿಗೆ, ಹಕ್ಕು ಕಚೇರಿಗೆ. ಇಂಥ ಪಂಚಾಯತಿ ಎಷ್ಟು ದೂರ ನಡೆದೀತು?

ಅಷ್ಟರಲ್ಲಿ ಊರುಗಳೇ ಖಾಲಿಯಾಗುತ್ತಿವೆ. ರಾಜ್ಯದ ವಲಸೆ ಆಯೋಗವು 2018ರಲ್ಲಿ ಕೊಟ್ಟ ವರದಿಯಂತೆ, 2011ರ ನಂತರದ ಏಳೆಂಟು ವರ್ಷಗಳಲ್ಲೇ 734 ಹಳ್ಳಿಗಳು ಜನರಿಲ್ಲದೆ ಬರಿದಾದವು. ಗಂಡಸರು ದೆಹಲಿಯ ಹೋಟೆಲುಗಳಿಗೆ, ಬಯಲು ಸೀಮೆಯ ಕಾರ್ಖಾನೆಗಳಿಗೆ ಹೋದರು. ಹೊಲ ಬೀಳುಬಿದ್ದಿತು; ಮನೆಯ ಬಾಗಿಲವರೆಗೆ ಪೊದೆ ಬೆಳೆಯಿತು. ಬೆಂಕಿ ಬಂದಾಗ ಹಸಿರು ರೆಂಬೆ ಹಿಡಿದು ಬಡಿಯಲು ಉಳಿದವರು ಹೆಂಗಸರು, ಮುದುಕರು. ಬೆಂಕಿ ಕಾಯಬೇಕಾದ ಅರಣ್ಯ ಸಿಬ್ಬಂದಿಯನ್ನು 2024ರ ಚುನಾವಣೆಯ ಕೆಲಸಕ್ಕೆ ಹಾಕಿದ್ದೇಕೆಂದು ಆ ವರ್ಷ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟೇ ಸರ್ಕಾರವನ್ನು ಕೇಳಬೇಕಾಯಿತು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವವರನ್ನು ಕಂಡಿದ್ದೇವೆ. ಇದು ಇದ್ದ ಬಾವಿಯನ್ನೂ ಮುಚ್ಚಿದಂತಾಯಿತು.

ಸಂಗಾತಿಗಳೇ, ಇಷ್ಟೇ ಹೇಳಿ ಮುಗಿಸಿದರೆ ಅದು ಬರಿಯ ಗೋಳಾದೀತು. ಆ ಬೆಟ್ಟದ ಜನ ಗೋಳಾಡುತ್ತ ಕುಳಿತಿಲ್ಲ. ಅದೇ ಅಲ್ಮೋರಾ ಜಿಲ್ಲೆಯ ಶೀತಲಾಖೇತ್ ಎಂಬ ಕಡೆ, ಸ್ಯಾಹೀದೇವಿ ಬೆಟ್ಟದ ಸುತ್ತಿನ ಹಳ್ಳಿಗಳ ಹೆಂಗಸರು ಕಾಡನ್ನು ತಾವೇ ಕಾಯಲು ನಿಂತರು. ಅವರು ಮಾಡಿದ್ದೇನು? ಬೇಸಾಯಕ್ಕೆ ಮುಂಚೆ ಹೊಲದ ಬದುವಿನ ಕಸ ಸುಡುವುದು ಅಲ್ಲಿಯ ವಾಡಿಕೆ. ಏಪ್ರಿಲ್ ಮೇ ತಿಂಗಳ ಬಿಸಿಗಾಳಿಯಲ್ಲಿ ಸುಟ್ಟರೆ ಅದು ಕಾಡಿಗೆ ಹಾರುತ್ತದೆ. ಆದ್ದರಿಂದ ಮಾರ್ಚ್ 31ರೊಳಗೆ ಎಲ್ಲರೂ ಸುಟ್ಟು ಮುಗಿಸಬೇಕೆಂದು ಊರೂರು ಕೂಡಿ ಕಟ್ಟು ಮಾಡಿಕೊಂಡರು. ಏಪ್ರಿಲ್ 1ನ್ನು ಇದಕ್ಕಾಗಿಯೇ ಓಣ ದಿನವೆಂದು ಆಚರಿಸತೊಡಗಿದರು. ನೇಗಿಲಿಗಾಗಿ ಬಾಂಜ್ ಮರ ಕಡಿಯುವುದನ್ನು ತಪ್ಪಿಸಲು ಅಲ್ಮೋರಾದ ಕೃಷಿ ಸಂಶೋಧನಾ ಸಂಸ್ಥೆಯ ನೆರವಿನಿಂದ ಕಬ್ಬಿಣದ ನೇಗಿಲು ಬಂದಿತು. ಅದಕ್ಕೆ ಆ ಬೆಟ್ಟದ ಹೆಸರೇ ಇದೆ. ಕಾಡನ್ನು ಸುಮ್ಮನೆ ಬಿಟ್ಟು ಕಾದರೆ ಬುಡದಿಂದ ಬಾಂಜ್ ತಾನೇ ಚಿಗುರುತ್ತದೆ ಎಂಬುದನ್ನು ತೋರಿಸಿದರು. ಹೊಗೆ ಕಂಡರೆ ಇಲಾಖೆಯ ಜೀಪಿಗೆ ಕಾಯದೆ ಓಡುವ ಮಂದಿ ಅಲ್ಲಿದ್ದಾರೆ. 2024ರ ಅನಾಹುತದ ನಂತರ ಸರ್ಕಾರವೇ ತನ್ನ ನೌಕರರನ್ನು ಇದನ್ನು ಕಲಿತು ಬರಲು ಅಲ್ಲಿಗೆ ಕಳಿಸಿತು!

ಇದರಲ್ಲಿ ಗುಟ್ಟೇನೂ ಇಲ್ಲ. ಯಂತ್ರದ ಕೆಳಗೆ ಬಿದ್ದ ಅರಳೆ ಧೂಳನ್ನು ಪಾಳಿಗೆ ಮುಂಚೆ ಗುಡಿಸಿದಂತೆಯೇ ಇದು. ಕಾಡು ತಮ್ಮದು ಎಂದು ತಿಳಿದವರು ಗುಡಿಸುತ್ತಾರೆ. ಕಾಡು ಸರ್ಕಾರದ್ದು ಎಂದು ನೂರು ವರ್ಷ ಹೇಳಿಸಿಕೊಂಡವರು, ಸರ್ಕಾರವೇ ಆರಿಸಿಕೊಳ್ಳಲಿ ಎನ್ನುತ್ತಾರೆ. ಬೇಲಿ ಹಾಕಿದವನಿಗೆ ಆ ಮಾತು ಕಹಿಯಾದರೆ ತಪ್ಪು ಯಾರದು?

ಆದರೂ ಹೆಂಗಸರ ಸೇವೆಯನ್ನು ಹೊಗಳಿ ಸರ್ಕಾರ ಕೈತೊಳೆದುಕೊಳ್ಳಲು ನಾವು ಬಿಡಬಾರದು. ಹೊಗಳಿಕೆಯಿಂದ ಒಲೆ ಉರಿಯುವುದಿಲ್ಲ. 2024ರ ಮೇ ತಿಂಗಳಲ್ಲಿ ಪಿರೂಲ್ ಗುಡಿಸಿ ತಂದವರಿಗೆ ಕಿಲೋಗೆ 50 ರೂಪಾಯಿ ಕೊಡುವುದಾಗಿ ಮುಖ್ಯಮಂತ್ರಿ ಸಾರಿದರು. ಅಲ್ಲಿಯವರೆಗೆ ಕಿಲೋಗೆ ಮೂರು ರೂಪಾಯಿ ಇತ್ತು. ಗುಡ್ಡ ಹತ್ತಿ, ಗುಡಿಸಿ, ಬೆನ್ನ ಮೇಲೆ ಹೊತ್ತು ಇಳಿಯುವ ಕೂಲಿಗೆ ಮೂರು ರೂಪಾಯಿ ಸಾಲದೆಂದು ತಿಳಿಯಲು ಎಷ್ಟು ಹೆಣ ಬೀಳಬೇಕಾಯಿತು ನೋಡಿ.

ನಮ್ಮ ನಾಡಿನ ಮಾತೂ ಬೇರೆಯಲ್ಲ. 2017ರ ಫೆಬ್ರವರಿಯಲ್ಲಿ ಬಂಡೀಪುರದ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಪ್ರಾಣ ಬಿಟ್ಟರು. 2019ರ ಫೆಬ್ರವರಿಯಲ್ಲಿ ಅಲ್ಲಿಯೇ ಸಾವಿರಾರು ಎಕರೆ ಸುಟ್ಟಿತು. ಅಲ್ಲಿ ಪಿರೂಲ್ ಇಲ್ಲ, ಲಂಟಾನ ಇದೆ. ರಾಶಿಯ ಹೆಸರು ಬೇರೆ, ಕಾವಲಿಗೆ ನಿಂತ ದಿನಗೂಲಿಯ ಪಾಡು ಒಂದೇ. ಹಿಮಾಲಯದ ಹೆಂಗಸರು ಮರ ಅಪ್ಪಿಕೊಂಡ ಸುದ್ದಿಯಿಂದ ಧೈರ್ಯ ತೆಗೆದುಕೊಂಡು 1983ರಲ್ಲಿ ನಮ್ಮ ಶಿರಸಿ ಸೀಮೆಯ ಸಾಲ್ಕಣಿಯವರು ಅಪ್ಪಿಕೋ ಚಳವಳಿ ಹೂಡಿದರು. ಅವರಿಂದ ಪಡೆದ ಸಾಲ ನಮ್ಮ ಮೇಲಿದೆ.

ಆದುದರಿಂದ ನಮ್ಮ ಬೇಡಿಕೆ ಸ್ಪಷ್ಟವಾಗಿರಲಿ. ಬೆಂಕಿ ಕಾವಲುಗಾರನಿಗೆ ವರ್ಷ ಪೂರ್ತಿ ಕೆಲಸ, ಸರಿಯಾದ ಕೂಲಿ, ಬೆಂಕಿ ತಡೆಯುವ ಬಟ್ಟೆ, ಜೀವವಿಮೆ ಸಿಗಬೇಕು. ಊರಿನ ಪಂಚಾಯತಿಗೆ ಹಣ ಬೆಂಕಿಯ ಕಾಲಕ್ಕೆ ಮುಂಚೆ ಸೇರಬೇಕು, ಬೂದಿಯಾದ ಮೇಲಲ್ಲ. ರಾಳ ಇಳಿಸುವ ಪರವೂರ ಕೂಲಿಯ ಹೆಸರು ಗುತ್ತಿಗೆದಾರನ ಪುಸ್ತಕದಲ್ಲಿ ಇರಬೇಕು. ಸತ್ತರೆ ಅವನ ಮನೆಗೆ ಪರಿಹಾರ ಮುಟ್ಟಬೇಕು. ಕಾಡಿನ ಲಾಭದಲ್ಲಿಯೂ ಆಡಳಿತದಲ್ಲಿಯೂ ಊರಿಗೆ ಪಾಲು ಬೇಕು.

ಇವನ್ನು ಬೆಟ್ಟದವರು ಒಬ್ಬರೇ ಕೇಳಿದರೆ ದೆಹಲಿಗೆ ಕೇಳಿಸುವುದಿಲ್ಲ. ಗಿರಣಿಯವರು, ಅಂಗಡಿಯವರು, ಬಯಲಿನವರು ಕೂಡಿ ಕೇಳಬೇಕು. ಬರುವ ಫೆಬ್ರವರಿ 15ಕ್ಕೆ ಅಲ್ಲಿ ಮತ್ತೆ ಬೆಂಕಿಯ ಕಾಲ ಶುರುವಾಗುತ್ತದೆ. ಅದಕ್ಕೆ ಮುಂಚೆ ನಮ್ಮ ಸಂಘಗಳು ಈ ಠರಾವನ್ನು ಪಾಸು ಮಾಡಿ ಕಳಿಸಲಿ ಎಂದು ಕೇಳಿಕೊಂಡು ನಮ್ಮ ಮಾತು ಮುಗಿಸುತ್ತೇವೆ.