ಹಸುಗೂಸಿನ ನಿಲ್ಲದ ಅಳು: 42ನೇ ದಿನದ ನಂತರದ ಹೊಣೆ



ಸೇಡಂ, ಚಿತ್ತಾಪುರ, ಚಿಂಚೋಳಿ ತಾಲೂಕುಗಳಲ್ಲಿಯೂ ವಾಡಿ, ಶಹಾಬಾದ ಸುತ್ತಲಿನ ಗ್ರಾಮ-ತಾಂಡಾಗಳಲ್ಲಿಯೂ ಹಸುಗೂಸು ಸಂಜೆಯ ಹೊತ್ತು ಬಿಡದೆ ಅತ್ತರೆ ‘ದೃಷ್ಟಿಯಾಗಿದೆ’, ‘ತಾಯಿಯ ಹಾಲು ಸಾಲದು’ ಎಂಬ ಮಾತು ಮೊದಲು ಏಳುತ್ತದೆ. ಇವೆರಡರ ಆಚೆಗೂ ಒಂದು ಕಾರಣವಿದೆ ಎಂಬುದನ್ನು ಜನಪ್ರತಿನಿಧಿಗಳು ತಿಳಿದಿರುವುದು ಅವಶ್ಯ.

ಚೆನ್ನಾಗಿ ಹಾಲುಂಡು, ತೂಕ ಏರುತ್ತಿರುವ, ಜ್ವರವಿಲ್ಲದ ಕೂಸು ದಿನಕ್ಕೆ 3 ಗಂಟೆಗೂ ಮಿಕ್ಕಿ, ವಾರದಲ್ಲಿ 3 ದಿನಕ್ಕೂ ಮಿಕ್ಕಿ ಅಳುವುದನ್ನು ವೈದ್ಯರು ‘ಕೋಲಿಕ್’, ಅಂದರೆ ಶಿಶುಶೂಲೆ ಎನ್ನುತ್ತಾರೆ. ಈ ಅಳತೆಯನ್ನು 1954ರಲ್ಲಿ ಅಮೆರಿಕದ ವೈದ್ಯ ಮೋರಿಸ್ ವೆಸೆಲ್ ಮತ್ತು ಸಂಗಡಿಗರು ನೀಡಿದರು. ಸರಿಸುಮಾರು ಐದು ಕೂಸುಗಳಲ್ಲಿ ಒಂದಕ್ಕೆ ಇದು ಬರುತ್ತದೆ. 2–3ನೇ ವಾರದಲ್ಲಿ ತೊಡಗಿ, 6ನೇ ವಾರಕ್ಕೆ ತುದಿಗೇರಿ, 3–4 ತಿಂಗಳಲ್ಲಿ ತಾನಾಗಿ ಇಳಿಯುತ್ತದೆ. ಇದರಲ್ಲಿ ತಾಯಿಯ ತಪ್ಪೇನೂ ಇಲ್ಲ.

ಶೂಲೆಗಿಂತ ಹೆಚ್ಚಿನ ಹಾನಿ ಅವಸರದ ಉಪಚಾರದಿಂದ ಆಗುತ್ತದೆ. ಹೊಟ್ಟೆಗೆ ಬರೆ ಎಳೆಯುವ ಪದ್ಧತಿ ಕಲ್ಯಾಣ ಕರ್ನಾಟಕದಲ್ಲಿ ಪೂರ್ಣ ಅಳಿದಿಲ್ಲ. ಸುಟ್ಟ ಗಾಯದಿಂದ ನಂಜೇರಿ ಜೀವವೇ ಹೋಗಬಹುದು. ಮಗುವಿನ ಮೇಲಿನ ಕ್ರೌರ್ಯವು 2015ರ ಬಾಲನ್ಯಾಯ ಕಾಯ್ದೆಯಡಿ ಶಿಕ್ಷಾರ್ಹ. ವರ್ಷ ತುಂಬದ ಕೂಸಿಗೆ ಜೇನುತುಪ್ಪ ಅಪಾಯಕರ. ಗ್ರೈಪ್ ವಾಟರಿನಿಂದ ಶೂಲೆ ಗುಣವಾಗುವುದೆಂಬುದಕ್ಕೆ ಗಟ್ಟಿ ಆಧಾರವಿಲ್ಲ. ನಮ್ಮ ಕಡುಬೇಸಿಗೆಯಲ್ಲಿಯೂ 6 ತಿಂಗಳವರೆಗೆ ತಾಯಿಹಾಲೇ ಸಾಕು, ನೀರು ಬೇಡ. ಅಳುವನ್ನು ಬಾಯಾರಿಕೆಯೆಂದು ಬಗೆದು ನೀರುಣಿಸಿದರೆ ಕೂಸು ಹಾಲು ಕುಡಿಯುವುದು ಕಡಿಮೆಯಾಗುತ್ತದೆ.

ಹಾಲುಣಿಸಿದ ಬಳಿಕ ಕೂಸನ್ನು ಹೆಗಲಿಗೆ ನೇರವಾಗಿ ಒರಗಿಸಿ ತೇಗಿಸುವುದು, ಎತ್ತಿಕೊಂಡು ಮೆಲ್ಲಗೆ ಅಡ್ಡಾಡುವುದು, ಬೆಳಕು-ಸದ್ದು ತಗ್ಗಿಸುವುದು ಹಿತಕರ. ರಾತ್ರಿಯೆಲ್ಲ ಎಚ್ಚರವಿದ್ದ ತಾಯಿಗೆ ತಂದೆ, ಅತ್ತೆ ಸರದಿಯಂತೆ ಬಿಡುವು ಕೊಡಬೇಕು. ಸಿಟ್ಟು ಬಂದಾಗ ಕೂಸನ್ನು ಸುರಕ್ಷಿತವಾಗಿ ಅಂಗಾತ ಮಲಗಿಸಿ ಕ್ಷಣಕಾಲ ದೂರ ಸರಿಯಬೇಕು. ಎಂದಿಗೂ ಅಲುಗಾಡಿಸಿ ಜಾಡಿಸಬಾರದು, ಮಿದುಳಿಗೆ ಪೆಟ್ಟಾಗುತ್ತದೆ. ತಾಯಿಯ ಮನಸ್ಸು ಕುಗ್ಗಿದ್ದರೆ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಬಹುದು.

ಆದರೆ ಎಲ್ಲ ಅಳುವೂ ಶೂಲೆಯಲ್ಲ. ಜ್ವರ, ಹಾಲು ನಿರಾಕರಣೆ, ಹಸಿರು ವಾಂತಿ, ಮಲದಲ್ಲಿ ರಕ್ತ, ಉಬ್ಬಿ ಬಿಗಿದ ಹೊಟ್ಟೆ, ಏರಿದ ಉಸಿರು, ಫಿಟ್ಸ್, ಜಡತೆ — ಇವುಗಳಲ್ಲಿ ಒಂದು ಕಂಡರೂ ತಡಮಾಡದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ಯಬೇಕು.

ಪಂಚಾಯತಿಯ ಹೊಣೆ ಇಲ್ಲಿ ಬರುತ್ತದೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಕೂಸನ್ನು ಆಶಾ ಕಾರ್ಯಕರ್ತೆಯರು 3, 7, 14, 21, 28 ಮತ್ತು 42ನೇ ದಿನ ಮನೆಗೆ ಬಂದು ನೋಡುತ್ತಾರೆ. ಮುಂದಿನ ನಿಗದಿತ ಭೇಟಿ 3ನೇ ತಿಂಗಳಲ್ಲಿ. 42ನೇ ದಿನವೆಂದರೆ ಅಳು ತುದಿಗೇರುವ 6ನೇ ವಾರವೇ. ಮನೆಯವರು ಅತಿಯಾಗಿ ಕಂಗೆಡುವ ವೇಳೆಗೇ ಭೇಟಿಗಳ ನಡುವೆ ಸುಮಾರು ಏಳು ವಾರಗಳ ತೆರಪು ಬೀಳುತ್ತದೆ. ಬಾಣಂತಿ ತವರಿನಲ್ಲಿದ್ದರೆ, ಅಥವಾ ಕುಟುಂಬ ದುಡಿಮೆಗೆ ಗುಳೆ ಹೋದರೆ, ಎರಡೂ ಊರಿನ ಪಟ್ಟಿಯಿಂದ ಕೂಸು ತಪ್ಪಿಹೋಗಬಹುದು.

ಆದ್ದರಿಂದ ಪ್ರತಿ ಸದಸ್ಯರು ಮೂರು ಕಾರ್ಯಗಳನ್ನು ಕೈಗೊಳ್ಳುವುದು:

1. ತಮ್ಮ ವಾರ್ಡಿನಲ್ಲಿ ತವರಿಗೆ ಬಂದವರೂ ಸೇರಿದಂತೆ 4 ತಿಂಗಳೊಳಗಿನ ಕೂಸುಗಳಿರುವ ಮನೆಗಳನ್ನು ಆಶಾ, ಅಂಗನವಾಡಿ ಕಾರ್ಯಕರ್ತೆಯರಿಗೆ ತಿಳಿಸುವುದು.

2. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ 42ನೇ ದಿನದ ನಂತರದ ವಿಚಾರಣೆಯನ್ನು ಚರ್ಚಾವಿಷಯವಾಗಿ ಸೇರಿಸುವುದು.

3. ಮಹಿಳಾ ಗ್ರಾಮಸಭೆಗೆ ಅಜ್ಜಿಯರನ್ನೂ ಸೂಲಗಿತ್ತಿಯರನ್ನೂ ಕರೆದು, ಬರೆ ಬೇಡವೆಂಬ ಮಾತನ್ನು ಅವರ ಬಾಯಿಂದಲೇ ಹೇಳಿಸುವುದು. ಮನೆಯಲ್ಲಿ ನಡೆಯುವ ಮಾತು ಅವರದು.

ಅಳು ನಾಲ್ಕು ತಿಂಗಳಲ್ಲಿ ತಾನೇ ನಿಲ್ಲುತ್ತದೆ. ಅಲ್ಲಿಯವರೆಗೆ ಕೂಸಿಗೆ ಗಾಯವಾಗದಂತೆಯೂ ತಾಯಿ ಒಂಟಿಯಾಗದಂತೆಯೂ ನೋಡಿಕೊಳ್ಳುವುದು ಊರಿನ ಕೆಲಸ.